ಚೀಟಿ ಇಲ್ಲದ ಹಾಳೆಗಳು

ಗುರುಸಿದ್ದವ್ವನ ಕೈಗೆ ಪುಸ್ತಕ ಕೊಟ್ಟರೆ ಆಕೆ ಮೊದಲು ಓದುವುದಿಲ್ಲ, ಹಾಳೆ ಸವರುತ್ತಾಳೆ. ಸವರದೆ ಏನು ಮಾಡಿಯಾಳು? ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಹಾಳೆ ಆರಿಸಿದ ಕೈ ಅದು. ಎದುರಿಗೆ ಹಾಳೆಗಳ ರಾಶಿ. ಒಂದೊಂದನ್ನೇ ಮಗುಚಿ ನೋಡಬೇಕು. ಕಲೆಯೋ, ತೂತೋ, ಮಡಿಕೆಯೋ ಕಂಡಲ್ಲಿ ಒಂದು ಚೀಟಿ ಸಿಗಿಸಬೇಕು. ಕಟ್ಟು ಪೂರಾ ಆದ ಮೇಲೆ ಅದರೊಳಗೆ ಆರಿಸಿದವರ ನಂಬರು ಇಡಬೇಕು. ಆಕೆಯದು ನಲವತ್ತೆರಡು. ಆ ಕಟ್ಟುಗಳು ಯಾವ ಯಾವ ಊರು ಕಂಡವೋ ಶಿವನೇ ಬಲ್ಲ! ಬಿಚ್ಚಿದವರಿಗೆ ಮಾತ್ರ ನಲವತ್ತೆರಡು ಅಂದರೆ ಧಾರವಾಡದ ಕಡೆಯಿಂದ ಬಂದ, ನಾಲ್ಕನೇ ಇಯತ್ತೆ ಕಲಿತ ಒಬ್ಬ ಹೆಣ್ಣುಮಗಳು ಎಂದು ಗೊತ್ತಿರಲಿಲ್ಲ.

ತೊಂಬತ್ತೆಂಟನೇ ಇಸವಿಯಲ್ಲಿ ಕೆಲಸ ಬಿಟ್ಟವಳೇ ಆಕೆ ವಾಚನಾಲಯ ಹಿಡಿದಳು. ವಾರಕ್ಕೆ ಎರಡು ಪುಸ್ತಕ. ಮರಳಿಸುವಾಗ, ವಾಚನಾಲಯ ನೋಡಿಕೊಳ್ಳುವ ಗೋದುಬಾಯಿಗೆ ಅಭಿಪ್ರಾಯ ಪುಕ್ಕಟೆ.

“ಈ ಪತ್ತೇದಾರಿ ಯಾರಿಗೂ ಕೊಡಬ್ಯಾಡವಾ. ಇಪ್ಪತ್ತನೇ ಹಾಳಿಗೇ ಕಳ್ಳ ಯಾರಂತ ನನಗ ಗೊತ್ತಾತು. ಪೊಲೀಸರಿಗೆ ಇನ್ನೂರು ಹಾಳಿ ಬೇಕಾತು ನೋಡು.”

“ಮತ್ತ ಕವನದ್ದು?”

“ಛಲೋ ಐತಿ. ಆದ್ರ ಹಾಳಿಗೆ ನಾಕು ಸಾಲು ಬರದು ಉಳಿದದ್ದು ಖಾಲಿ ಬಿಟ್ಟಾನ. ಒಂದು ಹಾಳಿಗೆ ಎಷ್ಟು ಬಿದಿರು ಅರೀಬೇಕು, ಆತಗೇನು ಗೊತ್ತು?”

ಗೋದುಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುತ್ತಲೇ ಒಂದು ದಿನ, ಭಾನುವಾರದ ಓದುಗರ ಸಭೆಯಲ್ಲಿ ಮಾತಾಡುವವರ ಪಟ್ಟಿಗೆ ಗುರುಸಿದ್ದವ್ವನ ಹೆಸರನ್ನೂ ಸೇರಿಸಿಬಿಟ್ಟಳು. ಆ ಸಲ ಬರುವವರು ಮುಂಡಗೋಡದ ಹತ್ತಿರದ ಚಿಗಳ್ಳಿಯ ಶಾಲೆಯ ಮಾಸ್ತರು, ಮಾಲತೇಶ. ಬಿದಿರು ಕಡಿಯುವ ಕೂಲಿಹೆಂಗಸೊಬ್ಬಳ ಮೇಲೆ ಅವರು ಬರೆದ ಮೊದಲ ಕಾದಂಬರಿಯ ಚರ್ಚೆ. ಕಲಿತವರ ನಡುವೆ ಎದ್ದು ನಿಂತು ಮಾತಾಡಬೇಕು! ಗುರುಸಿದ್ದವ್ವ ಹೊಸ ಇಳಕಲ್ ಸೀರೆ ತೆಗೆದು ಉಟ್ಟಳು. ತಲೆ ಎತ್ತಿಯೇ ನಡೆದಳು.

ಆಕೆ ಓದಿದ ಪ್ರತಿ ಮೇಜಿನ ಮೇಲಿತ್ತು, ಒಳಗೆ ಆಕೆ ಬರೆದು ಸಿಗಿಸಿದ ಹದಿಮೂರು ಚೀಟಿ. ಮಾಲತೇಶ ಮಾಸ್ತರರು ಹಿಗ್ಗಿನಿಂದ ಒಂದನ್ನು ಎಳೆದು, “ಎಷ್ಟು ಮನಸಿಟ್ಟು ಓದೀರಿ ಅಕ್ಕಾರ!” ಎಂದು ಗಟ್ಟಿಯಾಗಿ ಓದಿಯೇಬಿಟ್ಟರು. “ಗಣಪತಿ ಹಬ್ಬಕ್ಕ ಬಸುರಿ ಆದಾಕಿ ಸಂಕ್ರಾಂತಿಗೆ ಹಡದಾಳ. ಬೆರಳು ಮಡಚಿ ಎಣಿಸ್ರಿ ಮಾಸ್ತರ.”

ಸಭೆ ಘೊಳ್ಳೆಂದಿತು. ಮಾಸ್ತರರ ಕಿವಿ ಕೆಂಪಾದವು.

ಕಾಲೇಜಿನ ದುಂಡೇಶ ಸರ್‌ಗೆ ಮಾತ್ರ ನಗು ಬರಲಿಲ್ಲ. ಅವರು ಪುಸ್ತಕ ಇಸಿದುಕೊಂಡು ತಿರುವಿ ಹಾಕಿದರು. “ಗೋದುಬಾಯಿ, ಇಲ್ಲಿ ನೋಡ್ರಿ. ಚೀಟಿ ಎಲ್ಲಾ ನೂರಾನಲವತ್ತರ ಒಳಗಽ ಅದಾವ. ಕಡೀ ಅರವತ್ತು ಪುಟಕ್ಕ ಒಂದೂ ಇಲ್ಲ. ಅರ್ಧಾ ಓದಿ ಕೈಬಿಟ್ಟವರು ಬರದವರಿಗೆ ಬುದ್ಧಿ ಹೇಳೂದಾ? ಇವರ ಹೆಸರು ತಗೀರಿ.”

ಗುರುಸಿದ್ದವ್ವನಿಗೆ ಮೈಯೆಲ್ಲ ಉರಿಯಿತು. ನಾಲ್ಕನೇ ಇಯತ್ತೆ ಎಂದು ಹಂಗಿಸಿದ್ದರೆ ಬಿಟ್ಟುಬಿಡುತ್ತಿದ್ದಳು, ಅದು ಖರೆಯೇ. ಓದದೆ ಓದಿದೆ ಅನ್ನುವವಳು ಅಂದರೆ? ನೋಡದೆ ಪಾಸು ಮಾಡಿದಳು ಅಂದಂತೆ! ಆ ಮಾತು ಹೊತ್ತುಕೊಂಡು ಮನೆಗೆ ಹೋದರೆ ಮತ್ತೆ ಈ ವಾಚನಾಲಯದ ಮೆಟ್ಟಿಲು ಹತ್ತುವುದು ಹೇಗೆ? ಆಕೆ ಎದ್ದು ನಿಂತಳು.

“ಕುಂದರ್ರಿ ಸರ್. ನಮ್ಮ ಕೆಲಸದಾಗ ಚೀಟಿ ಹಚ್ಚೂದು ಕೆಟ್ಟ ಹಾಳಿಗೆ. ಛಲೋ ಹಾಳಿಗೆ ಯಾರು ಹಚ್ಚತಾರ್ರಿ? ಅದು ಹಂಗಽ ಪಾಸ್. ಇಪ್ಪತ್ತಾರು ವರ್ಷದಾಗ ನಲವತ್ತೆರಡನೇ ನಂಬರಿನ ಒಂದು ಕಟ್ಟೂ ವಾಪಸ್ ಬಂದಿಲ್ಲ, ತಿಳೀತಾ?”

ದುಂಡೇಶ ಸರ್ ಬಾಯಿ ತೆರೆದರು. ಆಕೆ ಬಿಡಬೇಕಲ್ಲ!

“ಕಡೀಕ ಏನೈತಿ ಹೇಳತೀನಿ, ಕೇಳ್ರಿ. ಬಿದಿರು ಕಡಿಯಾಕಿ ಮಗ ಮಾಸ್ತರ ಆಗಿ ಮನಿಗೆ ಬರತಾನ. ಆಕಿ ಅವನ ಕೈಯಾಗಿನ ಪುಸ್ತಕ ಇಸಗೊಂತಾಳ. ಓದಾಕ ಬರೂದಿಲ್ಲ ಆಕಿಗೆ. ಆದ್ರೂ ಮೊದಲ ಹಾಳಿಯಿಂದ ಹಿಡದು ಒಂದೊಂದಽ ತಿರುವತಾಳ, ಒಂದನ್ನೂ ಬಿಡೂದಿಲ್ಲ. ಮಗ ಅಡಗಿ ಮಾಡಿ ಉಣ್ಣಾಕ ಕರದ್ರೂ ಏಳೂದಿಲ್ಲ. ಕಡೀ ಹಾಳಿ ಮುಗದ ಮ್ಯಾಲೆ, ಛಲೋ ಐತಿ ಅಂತಾಳ. ಅಷ್ಟಽ.” ಆಕೆ ಮಾಲತೇಶ ಮಾಸ್ತರರ ಕಡೆ ತಿರುಗಿದಳು. “ನಾನು ಚೀಟಿ ಕೈಯಾಗ ಹಿಡಕೊಂಡೇ ಕುಂತಿದ್ದೆ ಮಾಸ್ತರ. ಅರವತ್ತು ಹಾಳಿಯಾಗ ಹಚ್ಚಾಕ ಒಂದು ಜಾಗಾ ಕೊಡಲಿಲ್ಲ ನೀವು.”

ದುಂಡೇಶ ಸರ್ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ತಪ್ಪಾತ್ರಿ” ಎಂದರು. ಗೋದುಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಾಲತೇಶ ಮಾಸ್ತರರು ಹದಿಮೂರೂ ಚೀಟಿಗಳನ್ನು ಆರಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ಚೀಲದಿಂದ ತಮ್ಮ ಸ್ವಂತ ಪ್ರತಿ ತೆಗೆದು, ಕೊನೆಯ ಹಾಳೆ ತೆರೆದು, ಪೆನ್ನು ಮುಂದೆ ಹಿಡಿದರು. “ಇವನ್ನೆಲ್ಲಾ ತಿದ್ದತೀನ್ರಿ ಅಕ್ಕಾರ. ಪಾಸ್ ಆದ ಕಟ್ಟಿನಾಗ ನಿಮ್ಮ ನಂಬರ ಇಡ್ರಿ.”

ಗುರುಸಿದ್ದವ್ವ ಸೀರೆಗೆ ಬೆರಳು ಒರೆಸಿಕೊಂಡು ಹಾಳೆಯನ್ನೊಮ್ಮೆ ಸವರಿದಳು. ರೂಢಿಯ ಕೈ, ನಾಲ್ಕು ಎಂದು ಬರೆದೂಬಿಟ್ಟಿತು. ಅಲ್ಲಿಗೇ ನಿಲ್ಲಿಸಿ, ಅದನ್ನು ಹೊಡೆದುಹಾಕಿ, ಕೆಳಗೆ ಒಂದೊಂದೇ ಅಕ್ಷರ ಕೂಡಿಸುತ್ತ ದೊಡ್ಡದಾಗಿ ಬರೆದಳು: ಗುರುಸಿದ್ದವ್ವ.