ಗಟ್ಟಿಯಾಗಿ ಹಿಡ್ಕೊಳ್ಳಿ

"ಕಾಲು ನೀನು ಹಿಡಿ, ತೋಳು ನಾನು ನೋಡ್ಕೋತೀನಿ," ಎಂದು ನರ್ಸು ಆಯಾಗೆ ಹೇಳಿದಳು.

ಚೂಟಿ ಮಂಚದ ಮೂಲೆಗೆ ಅಂಟಿಕೊಂಡಿದ್ದಳು. ನಾಲ್ಕು ವರ್ಷದ ಕೂಸು. ಮೂರು ದಿನದ ಜ್ವರಕ್ಕೆ ತುಟಿ ಸಿಪ್ಪೆ ಎದ್ದಿತ್ತು. ಬೆಳಗ್ಗೆಯಿಂದ ಐದು ಸಲ ಸೂಜಿ ಚುಚ್ಚಿದ್ದರು. ನರ ಸಿಕ್ಕಿರಲಿಲ್ಲ. ಅಷ್ಟೂ ಸಲ ಅಪ್ಪನನ್ನು ಬಾಗಿಲಾಚೆ ನಿಲ್ಲಿಸಿದ್ದರು. ಆರನೆಯ ಸಲ ಅವನು ಒಳಗೇ ನುಗ್ಗಿ ಬಂದಿದ್ದ.

"ಹಿಡಿಯೋದು ಬೇಡ ಡಾಕ್ಟ್ರೇ. ನಾನು ಕ್ಷೌರದ ಅಂಗಡಿಯವನು. ಕಿವಿ ಹತ್ರ ಕತ್ತರಿ ಬಂದ್ರೆ ಮಕ್ಕಳು ಕೂಗಿ ಬೀದಿ ಒಂದು ಮಾಡ್ತವೆ. ಒಂದು ಮಗುವಿನ ತಲೇನೂ ನಾನು ಅದುಮಿ ಹಿಡಿದವನಲ್ಲ. ಹತ್ತು ನಿಮಿಷ ಕೊಡಿ, ತಾನಾಗೇ ಕೈ ಚಾಚ್ತಾಳೆ."

ಡಾಕ್ಟರಮ್ಮ ಗಡಿಯಾರ ನೋಡಿದಳು. "ರಕ್ತಕ್ಕೆ ಸೋಂಕು ಹೋಗಿದೆ ಅಂದೆನಲ್ಲ. ಒಂಬತ್ತಕ್ಕೆ ಕೊಡಬೇಕಿದ್ದ ಔಷಧಿ, ಈಗ ಹನ್ನೊಂದೂವರೆ. ಐದು ನಿಮಿಷ. ಅದೂ ಜಾಸ್ತಿನೇ."

ಅವನು ನೆಲದ ಮೇಲೆ, ಮಗಳ ಕಣ್ಣಿಗಿಂತ ಕೆಳಗೆ ಕೂತ. "ನಿನ್ನೆ ಅಂಗಡಿಗೆ ಒಂದು ಇರುವೆ ಬಂದಿತ್ತು. ಕಟಿಂಗಾ ಅಂದೆ. ಅಲ್ಲ, ಮೀಸೆ ಟ್ರಿಮ್ಮು ಅಂತು."

"ಇರುವೆಗೆ ಮೀಸೆ ಇರುತ್ತಾ?" ಅತ್ತು ಅತ್ತು ಚೂಟಿಯ ದನಿ ಒಡೆದಿತ್ತು.

"ಅದಕ್ಕಿರೋದೇ ಅದು. ಜಂಭ ಬೇರೆ."

ಚೂಟಿ ನಗಲಿಲ್ಲ. ಆದರೆ ಮಂಡಿಯಿಂದ ಗಲ್ಲ ಎತ್ತಿದಳು. "ನೋವಾಗುತ್ತಾ?"

"ಆಗುತ್ತೆ. ಇರುವೆ ಕಚ್ಚಿದಷ್ಟು."

"ಒಂದೇ ಸಲನಾ?"

ಅವನು ಡಾಕ್ಟರಮ್ಮನ ಕಡೆ ನೋಡಿದ. ಅವಳು ಟ್ರೇ ನೋಡುತ್ತಿದ್ದಳು.

"ಒಂದೇ ಸಲ," ಎಂದ.

ಕೈ ಮುಂದೆ ಬಂತು. ತಾನಾಗಿಯೇ ಬಂತು. ಆಯಾ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಸೂಜಿ ಒಳಗೆ ಹೋಯಿತು, ರಕ್ತ ಇಣುಕಿತು. ಅಷ್ಟರಲ್ಲೇ ಮುಂಗೈ ನೀಲಿಗಟ್ಟಿ ಊದಿಕೊಂಡಿತು.

"ನರ ಒಡೀತು," ಎಂದಳು ಡಾಕ್ಟರಮ್ಮ. "ಇನ್ನೊಂದು ನೋಡಬೇಕು."

ಚೂಟಿ ಅಪ್ಪನ ಮುಖ ನೋಡಿದಳು. ಒಂದು ಗಳಿಗೆ, ಅಷ್ಟೇ. ಆಮೇಲೆ ನರ್ಸಿನ ಮಣಿಕಟ್ಟು ಕಚ್ಚಿದಳು, ಒದ್ದಳು, ಮಂಚದಿಂದ ಉರುಳಿಬಿದ್ದು ಅದರಡಿ ತೂರಿದಳು.

"ಇನ್ನು ಕಾಯೋಕಾಗಲ್ಲ. ನೀವು ಹೊರಗಿರಿ," ಎಂದಳು ಡಾಕ್ಟರಮ್ಮ.

ಹೊರಗೆ ಹೋದರೆ ಬೇರೆಯವರು ಹಿಡಿಯುತ್ತಾರೆ. ಅಷ್ಟೇ ತಾನೇ ವ್ಯತ್ಯಾಸ? ಅವನು ಬಗ್ಗಿ ಮಂಚದಡಿಯಿಂದ ಮಗಳನ್ನು ಎಳೆದುಕೊಂಡ. "ನಾನೇ ಹಿಡೀತೀನಿ," ಎಂದು ಡಾಕ್ಟರಮ್ಮನಿಗೆ ಮಾತ್ರ ಕೇಳುವಂತೆ ಹೇಳಿದ.

ದುಪ್ಪಟಿಯಲ್ಲಿ ಸುತ್ತಿ, ಒಂದು ಕೈ ಮಾತ್ರ ಹೊರಗೆ ಬಿಟ್ಟರು. ಅವನು ಅವಳಿಗೆ ಕಾಣದಂತೆ ತಲೆಯ ಕಡೆ ನಿಂತು ಎರಡೂ ಭುಜ ಅದುಮಿದ. ಒದ್ದಾಟದಲ್ಲಿ ದುಪ್ಪಟಿ ಅವಳ ಮುಖದ ಮೇಲೆ ಬಿತ್ತು. ತೆಗೆಯಲು ಕೈ ಎತ್ತುವ ಹಾಗಿರಲಿಲ್ಲ.

"ಗಟ್ಟಿಯಾಗಿ ಹಿಡ್ಕೊಳ್ಳಿ. ಅಲುಗಿದ್ರೆ ಇದೂ ಹೋಗುತ್ತೆ."

ಬಟ್ಟೆಯೊಳಗಿಂದ ಕೂಗು ಬಂತು. "ಅಪ್ಪಾ! ಬಿಡಿಸಪ್ಪಾ! ಇವರಿಗೆ ಹೊಡಿಯಪ್ಪಾ!"

ಮಾತಾಡಿದರೆ ಕೈ ಯಾರದೆಂದು ಗೊತ್ತಾಗುತ್ತದೆ. ಅವನು ತುಟಿ ಕಚ್ಚಿ ಇನ್ನಷ್ಟು ಬಲವಾಗಿ ಒತ್ತಿದ. ಅಂಗೈ ಕೆಳಗೆ ಪುಟ್ಟ ಮೂಳೆಗಳು ಹೊಯ್ದಾಡುತ್ತಿದ್ದವು. ಅಪ್ಪ ಬರೋದಿಲ್ಲ ಅಂತ ಖಾತ್ರಿಯಾದ ಮೇಲೆ ಅವಳು ಕೂಗುವುದನ್ನು ನಿಲ್ಲಿಸಿದಳು.

"ಸಿಕ್ತು," ಎಂದಳು ಡಾಕ್ಟರಮ್ಮ.

ಸಂಜೆಗೆ ಜ್ವರ ಇಳಿಯಿತು. ರಿಪೋರ್ಟುಗಳಿಗೆ ಅಲೆದು ಬಂದ ಹೆಂಡತಿ ಸ್ಟೂಲಿನ ಮೇಲೆ ಕುಸಿದು ಕೂತಿದ್ದಳು. ಚೂಟಿ ಕಣ್ಣು ಬಿಟ್ಟು ಕೇಳಿದಳು. "ಅವರು ನನ್ನ ಅದುಮಿದಾಗ ನೀನೆಲ್ಲಿ ಹೋಗಿದ್ದೆ?"

"ಹೊರಗೆ ಕಳಿಸಿದ್ರು ಅಂದ್ಬಿಡಿ," ಎಂದು ಹೆಂಡತಿ ಪಿಸುಗುಟ್ಟಿದಳು.

"ಎಲ್ಲೂ ಹೋಗಿರಲಿಲ್ಲ ಮಗಳೇ. ಅದುಮಿದ್ದು ನಾನೇ."

ಅವಳು ಅಳಲಿಲ್ಲ. ಅವನನ್ನೇ ನೋಡುತ್ತಾ ಮಲಗಿದ್ದಳು.

ಕಾರಿಡಾರಿನಲ್ಲಿ ಟ್ರಾಲಿಯ ಗಾಲಿ ಕಿರುಗುಟ್ಟಿತು. ಮುಂದಿನ ಔಷಧಿ. ಈ ಸಲ ಚುಚ್ಚುವುದಿಲ್ಲ, ಕೈಯಲ್ಲಿರುವ ಕೊಳವೆಗೇ ಹಾಕುತ್ತಾರೆ. ನೋವಾಗಲ್ಲ ಎನ್ನಲು ಅವನು ಬಾಯಿ ತೆರೆದ. ಬೆಳಗ್ಗೆ 'ಒಂದೇ ಸಲ' ಎಂದಿದ್ದು ನೆನಪಾಯಿತು.

ಚೂಟಿ ಎದ್ದು ಗೋಡೆಗೆ ಒತ್ತಿಕೊಂಡು, ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಅವಳ ಕಣ್ಣು ಅಪ್ಪನ ಕೈಗಳ ಮೇಲಿತ್ತು. ಅವನೂ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬಾಗಿಲಿಗೆ ಬಂದ ನರ್ಸು ಟ್ರಾಲಿಯನ್ನು ಅಲ್ಲೇ ನಿಲ್ಲಿಸಿದಳು.