ನಾನು ಎಂದರೆ ಡಾಕ್ಟರು

ಬಟ್ಟೆ ಒಗೆಯುವ ಯಂತ್ರ ನಡುವೆ ನಿಂತರೆ ಏನು ಮಾಡಬೇಕು, ಇಸ್ತ್ರಿ ಪೆಟ್ಟಿಗೆಯನ್ನು ನೀರಿನಲ್ಲಿ ಯಾಕೆ ಅದ್ದಬಾರದು ಎಂದು ವರ್ಷಗಟ್ಟಲೆ ಅನುವಾದ ಮಾಡಿದ ಹೆಂಗಸು ಆಕೆ. ಮಲಗುವ ಕೋಣೆಯ ಮೂಲೆಯ ಮೇಜೇ ಕಚೇರಿ. ಮೈಮುರಿದು ದುಡಿಯುತ್ತಿದ್ದಳು, ಹೆಸರೂ ಚೆನ್ನಾಗಿತ್ತು. ಆಮೇಲೆ ಅದೇ ಕೆಲಸವನ್ನು ಕಂಪ್ಯೂಟರು ಕಣ್ಣು ಮಿಟುಕಿಸುವುದರಲ್ಲಿ ಮಾಡಿ ಮುಗಿಸತೊಡಗಿತು. ಕಂಪನಿಯವರು ಮೊದಲು ಕೆಲಸ ಕಳಿಸುವುದನ್ನು ಬಿಟ್ಟರು, ಆಮೇಲೆ ಹೊಸ ವರ್ಷದ ಶುಭಾಶಯ ಕಳಿಸುವುದನ್ನೂ ಬಿಟ್ಟರು. ಅವಳನ್ನು ಗಿಳಿ ಎಂದೇ ಕರೆಯುವ ಗಂಡ, "ನಮ್ಮ ಗಿಳಿಗೆ ಈಗ ಪಂಜರವೂ ಇಲ್ಲ" ಎಂದು ತಮಾಷೆ ಮಾಡಿದ. ಆ ವಾರವೆಲ್ಲ ಅವಳು ಅವನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ನಡುವಯಸ್ಸಿನಲ್ಲಿ ಮತ್ತೆ ಅ ಆ ಇ ಈ ಶುರುವಾಯಿತು. ರೋಗಿಗೆ ಡಾಕ್ಟರ ಮಾತು ತಿಳಿಯದಿದ್ದರೆ ಪಕ್ಕದಲ್ಲಿ ನಿಂತು ಇವರದನ್ನು ಅವರಿಗೆ, ಅವರದನ್ನು ಇವರಿಗೆ ದಾಟಿಸುವವರು ಆಸ್ಪತ್ರೆಗೆ ಬೇಕಾಗಿದ್ದರು. ಅದಕ್ಕೆ ತರಬೇತಿ, ಆಮೇಲೆ ಪರೀಕ್ಷೆ. ಕಲಿಸಿದ ಮೇಡಂ ಬಿಗಿ ಹೆಂಗಸು. ಅವರ ಮೊದಲನೆಯ ಪಾಠ 'ನಾನು' ಎಂಬುದರದು. ಡಾಕ್ಟರು 'ನಾನು' ಎಂದರೆ ನೀವೂ 'ನಾನು' ಎನ್ನಬೇಕು, 'ಡಾಕ್ಟರು ಹೀಗೆ ಹೇಳಿದರು' ಎಂದು ಸುತ್ತಿ ಬಳಸಬಾರದು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ನಿಮ್ಮದೇ ಏನಾದರೂ ಹೇಳಲೇಬೇಕೆಂದರೆ ನಿಮ್ಮನ್ನು 'ಅನುವಾದಕಿ' ಎಂದೇ ಕರೆದುಕೊಳ್ಳಬೇಕು. "ನೀವು ಆ ರೂಮಿನಲ್ಲಿ ಇಲ್ಲ ಅಂತಲೇ ಅಂದ್ಕೊಳ್ಳಿ" ಎನ್ನುತ್ತಿದ್ದರು ಮೇಡಂ. ಇಲ್ಲದಿರುವುದನ್ನು ಕಲಿಯುವುದಕ್ಕೆ ಅವಳು ಹಗಲೂ ಇರುಳೂ ಓದಿದಳು.

ಇಂದು ಕೊನೆಯ ಪರೀಕ್ಷೆ. ನಿಜವಾದ ರೋಗಿ, ನಿಜವಾದ ಡಾಕ್ಟರು, ಮೂಲೆಯ ಕುರ್ಚಿಯಲ್ಲಿ ಮೇಡಂ. ತೇರ್ಗಡೆಯಾದರೆ ಕಾಯಂ ಕೆಲಸ, ಇಲ್ಲವಾದರೆ ಮತ್ತೆ ಆ ಮಲಗುವ ಕೋಣೆಯ ಮೇಜು.

ರೋಗಿ ಒಬ್ಬ ಮುದುಕ, ಟೈಲರ್. ಮಗನ ಮನೆಗೆಂದು ಈ ಊರಿಗೆ ಬಂದವರು. ಮಗ ಪಾಳಿ ಕೆಲಸಕ್ಕೆ ಹೋಗಿದ್ದ. ಅಪ್ಪ ಏನು ಹೇಳುತ್ತಾರೋ ಅದೇ ಆಗಲಿ ಎಂದು ಫೋನಿನಲ್ಲಿ ಹೇಳಿ ಜವಾಬ್ದಾರಿ ಇಳಿಸಿಕೊಂಡಿದ್ದ. ಸಕ್ಕರೆ ಕಾಯಿಲೆ ಎಡಪಾದಕ್ಕೆ ಇಳಿದಿತ್ತು. ಎರಡು ಬೆರಳು ಇದ್ದಿಲಿನಂತೆ ಕಪ್ಪಾಗಿದ್ದವು. ಬ್ಯಾಂಡೇಜು ಬಿಚ್ಚಿದಾಗ ಬಂದ ವಾಸನೆಯನ್ನು ಫಿನಾಯಿಲೂ ಮುಚ್ಚಲಿಲ್ಲ.

ಅವಳು ಮಂಚದ ಪಕ್ಕ ನಿಂತು ನಿಯಮದಂತೆ ಮೊದಲೇ ಹೇಳಿದಳು. "ಅಜ್ಜ, ನಾನು ಅನುವಾದಕಿ. ನನ್ನ ಬಾಯಲ್ಲಿ 'ನಾನು' ಅಂತ ಬಂದ್ರೆ, ಅದು ಡಾಕ್ಟರ ಮಾತು."

"ಹೂಂ, ಹೂಂ" ಎಂದರು ಮುದುಕ. ಸೂಜಿ ಚುಚ್ಚುವ ನರ್ಸಿಗೆ ಎಲ್ಲರೂ ತಲೆಯಾಡಿಸುವುದು ಹಾಗೆಯೇ.

ಡಾಕ್ಟರು ಇನ್ನೂ ಮೀಸೆ ಬಲಿಯದ ತರುಣ, ಮೃದು ಸ್ವಭಾವ. ತಗ್ಗಿದ ದನಿಯಲ್ಲಿ ಹೇಳಿದ. ಅವಳು ಅದನ್ನು ದಾಟಿಸಿದಳು. "ನಾನು ಈ ಕಾಲನ್ನ ಮೊಣಕಾಲಿನ ಕೆಳಗೆ ತೆಗೀಬೇಕು. ಇವತ್ತೇ ನಿರ್ಧಾರ ಆಗ್ಬೇಕು. ತಡ ಮಾಡಿದ್ರೆ ನಂಜು ಮೇಲಕ್ಕೆ ಹತ್ತುತ್ತೆ."

ಮುದುಕ ಡಾಕ್ಟರ ಕಡೆ ತಿರುಗಲೇ ಇಲ್ಲ, ಅವಳನ್ನೇ ನೋಡಿದರು.

"ಬೇಡ ತಾಯಿ, ತೆಗೀಬೇಡ. ಈ ಕಾಲಲ್ಲೇ ಮಿಷನ್ ತುಳಿದು ಮಕ್ಕಳನ್ನ ಸಾಕಿದ್ದು. ಪ್ಯಾಂಟಿನ ಒಂದು ಕಾಲು ಮಡಚಿ ಎಷ್ಟೋ ಜನಕ್ಕೆ ಹೊಲಿದು ಕೊಟ್ಟಿದ್ದೀನಿ. ಈಗ ನನಗೆ ಯಾರು ಹೊಲೀತಾರೆ?"

ಅವಳು ಅದನ್ನೂ ಒಂದು ಮಾತು ಬಿಡದೆ ಆಸ್ಪತ್ರೆಯ ಭಾಷೆಗೆ ದಾಟಿಸಿದಳು. ಡಾಕ್ಟರ ಮುಖ ಬಾಡಿತು. ಮುದುಕ ಮಾತ್ರ ಅವಳ ಸೆರಗಿನ ತುದಿ ಹಿಡಿದುಕೊಂಡರು. "ತೆಗೀತೀನಿ ಅಂದೋಳು ನೀನೇ. ಬಿಟ್ಬಿಡ್ತೀನಿ ಅಂತ್ಲೂ ನೀನೇ ಹೇಳು. ಆ ಹುಡುಗ ಏನೋ ಗೊಣಗ್ತಾನೆ, ನನಗೆ ಅರ್ಥ ಆಗೋದು ನಿನ್ನ ಮಾತು."

ಅವಳು ನಿಯಮದ ಮೊರೆ ಹೋದಳು. "ಅನುವಾದಕಿ ಒಂದು ಮಾತು ಸ್ಪಷ್ಟಪಡಿಸ್ತಾಳೆ. ಅನುವಾದಕಿ ಏನನ್ನೂ ತೀರ್ಮಾನ ಮಾಡೋದಿಲ್ಲ."

ಮುದುಕ ಕತ್ತು ಚಾಚಿ ಮೂಲೆ ನೋಡಿದರು. "ಯಾರು, ಆ ಕುರ್ಚೀಲಿ ಕೂತಿದಾರಲ್ಲ, ಅವರಾ ಅನುವಾದಕಿ? ಮತ್ತೆ ಅವರನ್ನ ಯಾಕೆ ಕೇಳ್ಬೇಕು ಬಿಡು."

ಬೇರೆ ದಿನವಾಗಿದ್ದರೆ ಅವಳು ಇದನ್ನು ಮನೆಯಲ್ಲಿ ಹೇಳಿ ಗಂಡನನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದಳು.

ಡಾಕ್ಟರು ಸ್ಟೂಲು ಎಳೆದು ಮುದುಕನ ಹತ್ತಿರ ಕೂತ. ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ. ಅದನ್ನು ದಾಟಿಸಹೊರಟ ಅವಳು ಮೊದಲ ಪದದಲ್ಲೇ ತೊದಲಿದಳು. ಮೂಲೆಯಲ್ಲಿ ಮೇಡಂ ತಲೆಯೆತ್ತಿದರು. ತಡವರಿಸುವುದಕ್ಕೂ ಅಂಕ ಕಳೆಯುತ್ತಾರೆ.

"ನನ್ನ ಸ್ವಂತ ಅಪ್ಪ ಆಗಿದ್ರೂ ನಾನು ಇದನ್ನೇ ಹೇಳ್ತಿದ್ದೆ" ಎಂದಳು.

ಹೇಳಿಯೂ ಇದ್ದಳು. ಎರಡು ವರ್ಷದ ಹಿಂದೆ, ಇದೇ ಕಾಯಿಲೆ, ಹೀಗೇ ಕಪ್ಪಾದ ಬೆರಳು. ಬೇಡ ಎಂದು ಹಟ ಹಿಡಿದ ಅಪ್ಪನನ್ನು, ಡಾಕ್ಟರ ಕಗ್ಗಂಟು ಮಾತುಗಳನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿ, ಸಿಹಿಯಾಗಿ ಒಪ್ಪಿಸಿದವಳು ಅವಳೇ. ಅನುವಾದ ಕೈ ಹಿಡಿಯಿತು ಎಂದು ಆಗ ಹೆಮ್ಮೆಪಟ್ಟಿದ್ದಳು. ಗಾಯ ಮಾಯಲಿಲ್ಲ. ಇನ್ನೊಮ್ಮೆ, ಇನ್ನೂ ಮೇಲಕ್ಕೆ ಕತ್ತರಿಸಿದರು. ಆಮೇಲೆ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಸಾಯುವವರೆಗೂ ಇತ್ತ ತಿರುಗಲಿಲ್ಲ. "ನಿನ್ನ ಮಾತು ಕೇಳಿದೆನಲ್ಲ" ಎಂದದ್ದೇ ಅವಳೊಂದಿಗೆ ಆಡಿದ ಕೊನೆಯ ಮಾತು. ಕತ್ತರಿಸದೆ ಇದ್ದಿದ್ದರೆ ಉಳಿಯುತ್ತಿದ್ದರೇ? ಅದೂ ಅವಳಿಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಅಳುವುದಾದರೂ ಸುಲಭವಾಗುತ್ತಿತ್ತು.

ಮುದುಕ ಅವಳ ಮುಖವನ್ನು ಅಳತೆ ತೆಗೆಯುವವರಂತೆ ನೋಡಿದರು.

"ನಿನ್ನಪ್ಪ ಇದ್ದಾರೇನಮ್ಮ? ಈಗ ಹೇಗಿದ್ದಾರೆ?"

ಈ ರೂಮಿನಲ್ಲಿ ಇಲ್ಲದವಳನ್ನು ಯಾರೋ ಹೆಗಲು ಮುಟ್ಟಿ ಮಾತಾಡಿಸಿದಂತಾಯಿತು. ಬಿಟ್ಟು ಹೋಗುವ ಹಕ್ಕು ಅವಳಿಗಿತ್ತು. ಸ್ವಂತ ದುಃಖ ಅಡ್ಡ ಬಂದರೆ ಅನುವಾದಕಿ ಹಿಂದೆ ಸರಿಯಬಹುದು ಎಂದು ನಿಯಮವೇ ಹೇಳುತ್ತದೆ. ಆದರೆ ಪರೀಕ್ಷೆ ಮಾಡುವ ಮೇಡಂ ತಾವೇ ಅನುವಾದಕ್ಕೆ ನಿಲ್ಲುವಂತಿಲ್ಲ, ಅವರನ್ನು ಬಿಟ್ಟರೆ ಈ ಭಾಷೆಗೆ ಆಸ್ಪತ್ರೆಯಲ್ಲಿ ಇನ್ನೊಬ್ಬರಿಲ್ಲ. ಅವಳು ಹೋದರೆ ಇಂದಿನ ನಿರ್ಧಾರ ನಾಳೆಗೆ ಹೋಗುತ್ತದೆ, ನಂಜು ನಾಳೆಯವರೆಗೆ ಕಾಯುವುದಿಲ್ಲ. 'ನನ್ನಪ್ಪ ಸತ್ತುಹೋದರು' ಎಂದರೆ ಮುದುಕ ಕಾಲು ಕೊಡುವುದಿಲ್ಲ, ಅದರ ಜೊತೆ ಜೀವವೂ ಹೋಗಬಹುದು. ಹೇಳದೆ ಮುಚ್ಚಿಟ್ಟರೆ ಇವರೂ ನಾಳೆ ಯಾವುದಾದರೂ ಗೋಡೆಯ ಕಡೆ ತಿರುಗಬಹುದು. ಕೊನೆಗೆ ನಾಲಿಗೆ ಕಲಿತದ್ದನ್ನೇ ಮಾಡಿತು. ಪ್ರಶ್ನೆಯನ್ನು ಇದ್ದ ಹಾಗೆಯೇ ಡಾಕ್ಟರಿಗೆ ಒಪ್ಪಿಸಿತು.

ಡಾಕ್ಟರಿಗೆ ಸಂತೋಷವಾಯಿತು. ಇಂಥ ಹೊತ್ತಿನಲ್ಲೂ ತನ್ನ ಮನೆಯವರನ್ನು ವಿಚಾರಿಸುವ ಮುದುಕ. ನಕ್ಕು ಉತ್ತರ ಕೊಟ್ಟ.

ಅವಳು ನೆಲ ನೋಡುತ್ತ ಹೇಳಿದಳು. "ಚೆನ್ನಾಗಿದ್ದಾರೆ, ಥ್ಯಾಂಕ್ಸ್. ನನ್ನಪ್ಪ ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತಾರೆ."

ಮುದುಕ ಬಹಳ ಹೊತ್ತು ತಮ್ಮ ಪಾದವನ್ನು ನೋಡಿದರು. ಆಮೇಲೆ ಸೆರಗಿನ ತುದಿ ಬಿಟ್ಟರು.

"ಹಾಗಾದ್ರೆ ಆಗ್ಲಿ. ನೀನು ಹೇಳಿದ್ಮೇಲೆ ಮುಗೀತು."

ಅವಳು ಅದನ್ನೂ ದಾಟಿಸಿದಳು. 'ನೀನು' ಎಂದದ್ದು ತನಗೇ ಎಂದುಕೊಂಡ ಡಾಕ್ಟರ ಕಣ್ಣು ತೇವವಾಯಿತು. ಮುದುಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳಿದ. ಮೂಲೆಯಲ್ಲಿ ಮೇಡಂ ಪೆನ್ನು ಮುಚ್ಚಿ ಮೆಚ್ಚುಗೆಯಿಂದ ತಲೆದೂಗಿದರು.

"ನನ್ನನ್ನ ನಂಬಿದ್ದಕ್ಕೆ ನಿಮಗೆ ತುಂಬಾ ಥ್ಯಾಂಕ್ಸ್" ಎಂದಳು ಅವಳು.

"ಮಗಳ ಥರ ಹೇಳ್ದೆ" ಎಂದರು ಮುದುಕ. "ನಿನ್ನ ನಂಬದೆ ಇನ್ಯಾರನ್ನ ನಂಬ್ಲಿ?"

ಡಾಕ್ಟರು ಅವಳ ಮುಖ ನೋಡುತ್ತ ಕಾಯುತ್ತಿದ್ದ. ಅವಳು ಅದನ್ನೂ ಅವನ ಭಾಷೆಯಲ್ಲಿ ಹೇಳಿದಳು.