ಕೂಗಬಾರದ ಶನಿವಾರ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಗಂಟಲಿನ ಡಾಕ್ಟರ ಕೋಣೆಯಿಂದಲೇ? ಟೀವಿ ಎದುರಿನ ಸೋಫಾದಿಂದಲೇ? ಇಲ್ಲಾ ಟೈರ್ ಅಂಗಡಿಯ ಮಹಡಿ ಮೇಲಿನ ಆ ಪುಟ್ಟ ರೇಡಿಯೋ ಕೋಣೆಯಿಂದಲೇ? ಮೂರೂ ಕಡೆ ಅಕ್ಕ ಇದ್ದಾಳೆ. ಮೂರೂ ಕಡೆ ಅವಳಿಗೆ ಯಾರೋ ಒಬ್ಬರು ಸುಮ್ಮನಿರು ಅನ್ನುತ್ತಿದ್ದಾರೆ. ಮೂರೂ ಕಡೆ ಅವಳು ಮಾತು ಕೇಳುತ್ತಿಲ್ಲ.

ಮೊದಲ ಡ್ರಾಫ್ಟ್ ಹೀಗಿತ್ತು: "ಶುಕ್ರವಾರದ ಹೊಂಬಿಸಿಲು ಕಿಟಕಿಯ ಗಾಜಿನ ಮೇಲೆ ನರ್ತಿಸುತ್ತಿರಲು..."

(ಅಕ್ಕ ಇಷ್ಟು ಓದಿ ಹಾಳೆಯನ್ನು ನನ್ನ ಕಡೆ ತಳ್ಳಿದಳು. ಈಗ ಅವಳು ಮಾತಾಡುವ ಹಾಗಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಫೋನಿನಲ್ಲಿ ಟೈಪ್ ಮಾಡಿ ಮುಖಕ್ಕೆ ಹಿಡಿದಳು: "ಬಿಸಿಲು ಕುಣಿಯೋದು ಆಮೇಲೆ. ಮ್ಯಾಚ್ ಎಲ್ಲಿ?")

ಬಿಸಿಲನ್ನು ಹೊಡೆದು ಹಾಕಿದ್ದೇನೆ.

೨

ಅಕ್ಕ ಈಜು ಕಲಿಸುವವಳು. ಛಾವಣಿಯಿರುವ ದೊಡ್ಡ ಕೊಳ, ಸುತ್ತ ಟೈಲ್ಸ್ ಗೋಡೆ, ಮೂಗಿಗೆ ಅಡರುವ ಕ್ಲೋರಿನ್. ಒಂದು ಮಾತಾಡಿದರೆ ನಾಲ್ಕಾಗಿ ವಾಪಸ್ ಬರುವ ಜಾಗ. ಅಲ್ಲಿ ಉಳಿದವರೆಲ್ಲ ಸೀಟಿ ಊದುತ್ತಾರೆ, ಅಕ್ಕನಿಗೆ ಸೀಟಿಯ ಹಂಗಿಲ್ಲ. "ಮಂಡಿ ಮಡಚಬೇಡಾ! ಸೊಂಟದಿಂದ ಒದೀ!" ಅಂದಳೆಂದರೆ ನೀರಿನೊಳಗೆ ಮುಖ ಮುಳುಗಿಸಿದವರಿಗೂ ಕೇಳುತ್ತದೆ. ಹೊರಗೆ ರಸ್ತೆಯಲ್ಲಿ ನಡೆಯುವವರೂ ಮಂಡಿ ನೆಟ್ಟಗೆ ಮಾಡಿಕೊಳ್ಳುತ್ತಾರಂತೆ. ಇದು ಭಾವ ಹೇಳಿದ ಮಾತು. ಭಾವ ಇಡೀ ಸಂಸಾರದಲ್ಲಿ ಹೇಳಿದ ಜೋಕು ಇದೊಂದೇ ಇರಬೇಕು. ಅವರು ಲಿಫ್ಟ್ ರಿಪೇರಿ ಮಾಡುವವರು. ಕತ್ತಲ ಕೊಳವೆಯೊಳಗೆ ಒಬ್ಬರೇ ನೇತಾಡಿಕೊಂಡು ಕೆಲಸ ಮಾಡಿ ಮಾಡಿ ಮಾತು ಖರ್ಚು ಮಾಡುವ ಅಭ್ಯಾಸವೇ ತಪ್ಪಿಹೋಗಿದೆ.

೨ (ಮತ್ತೆ)

ನನ್ನನ್ನು ಮರೆತೆ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವುದು ಹೊಟ್ಟೆಪಾಡು, ಕಥೆ ಬರೆಯುವುದು ತಲೆನೋವು. ಪ್ರತಿ ಶುಕ್ರವಾರ ಸಂಜೆ ನಾನೂ ಅಕ್ಕನೂ ನಮ್ಮ ಬಡಾವಣೆಯ ರೇಡಿಯೋದಲ್ಲಿ ಕೂತು, ಇಂಗ್ಲೆಂಡಿನ ಟಾಪ್ ಲೀಗಿನಲ್ಲಿ ಆ ವಾರಾಂತ್ಯ ನಡೆಯಲಿರುವ ಹತ್ತೂ ಫುಟ್‌ಬಾಲ್ ಪಂದ್ಯಗಳ ಭವಿಷ್ಯ ಹೇಳುತ್ತೇವೆ. ಯಾರಿಗೆ ಗಾಯ, ಯಾರಿಗೆ ಸಸ್ಪೆನ್ಷನ್, ಯಾವ ಕೋಚಿನ ಕುರ್ಚಿ ಅಲ್ಲಾಡುತ್ತಿದೆ ಅನ್ನುವುದು ನನ್ನ ಪಾಲು. ಸ್ಕೋರು ಅಕ್ಕನ ಪಾಲು. ನಾನು ಲೆಕ್ಕ ಹಾಕಿ ತಪ್ಪುತ್ತೇನೆ, ಅವಳು ಲೆಕ್ಕ ಹಾಕದೆಯೇ ತಪ್ಪುತ್ತಾಳೆ. ಆದರೂ ಜನ ಕೇಳುವುದು ಅವಳನ್ನೇ. ಅವಳು "ಮೂರು-ಸೊನ್ನೆ!" ಅಂದರೆ ಆ ಮೂರೂ ಗೋಲು ಆಗಲೇ ಬಲೆಯಲ್ಲಿ ಬಿದ್ದು ಉರುಳುತ್ತಿರುವಂತೆ ಕೇಳಿಸುತ್ತದೆ.

(ಕ್ಲಬ್ಬುಗಳ ಹೆಸರು ಯಾಕೆ ಹಾಕಿಲ್ಲ ಅಂತೀರಾ? ಹಾಕಿದರೆ ನೀವು ನಾಳೆಯೇ ಸ್ಕೋರು ಹುಡುಕಿ "ಇದೆಲ್ಲ ಸುಳ್ಳು" ಅನ್ನುತ್ತೀರಿ. ಹಾಗಾಗಿ ಅಕ್ಕನ ತಂಡ "ಪಟ್ಟೆಯವರು". ಉದ್ದುದ್ದ ಪಟ್ಟೆಯ ಜೆರ್ಸಿ, ಪಾಯಿಂಟ್ಸ್ ಪಟ್ಟಿಯಲ್ಲಿ ತಳದಿಂದ ಮೂರನೆಯ ಜಾಗ, ಕೆಳಗಿನ ಲೀಗಿಗೆ ಜಾರುವ ಅಂಚಿನಲ್ಲಿ ಒಂಟಿ ಕಾಲು. ಆ ಶನಿವಾರ ಅವರ ಎದುರಿಗೆ "ಕೆಂಪಂಗಿಗಳು": ಪಟ್ಟಿಯ ನೆತ್ತಿಯಲ್ಲಿ ಕೂತವರು. ಇರುವೆ ಮತ್ತು ಆನೆ, ಅಷ್ಟೇ.)

೩

ಆ ವಾರ ಅಕ್ಕನ ದನಿ ಮಧ್ಯೆ ಮಧ್ಯೆ ಮಾಯವಾಗತೊಡಗಿತು. "ಕಾಲು" ಅಂದರೆ "ಕಾ" ಮಾತ್ರ ಬರುತ್ತಿತ್ತು. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ಅವಳ ಗಂಟಲನ್ನು ನಮಗೂ ತೋರಿಸಿದರು. ದನಿ ಹುಟ್ಟುವ ಎರಡು ಬಿಳಿ ಮಡಿಕೆಗಳು. ಒಂದರ ಅಂಚಿನಲ್ಲಿ ಸಾಸಿವೆಗಿಂತ ದೊಡ್ಡ, ಬಟಾಣಿಗಿಂತ ಚಿಕ್ಕ ಕೆಂಪು ಗಂಟು.

"ಕೆಟ್ಟ ಗಂಟಲ್ಲ, ಹೆದರಬೇಡಿ. ಸೋಮವಾರ ತೆಗೆಯೋಣ," ಅಂದರು ಡಾಕ್ಟರು. ಮಧ್ಯವಯಸ್ಸಿನ ಹೆಂಗಸು, ಮಾತು ಖಂಡತುಂಡ. "ಅಲ್ಲೀವರೆಗೆ ಕೂಗೋ ಹಾಗಿಲ್ಲ. ಪಿಸುಗುಟ್ಟೋ ಹಾಗೂ ಇಲ್ಲ, ಅದೂ ಕಷ್ಟವೇ ಗಂಟಲಿಗೆ. ಒಂದೇ ಒಂದು ಸಲ ಜೋರಾಗಿ ಕೂಗಿದ್ರೂ ಅದು ಒಡೆದು ರಕ್ತ ಬರಬಹುದು. ಆಗ ಆಪರೇಷನ್ ಮುಂದಕ್ಕೆ ಹೋಗುತ್ತೆ, ಕಲೆ ಉಳಿದ್ರೆ ದನಿ ಹೋಗುತ್ತೆ."

"ಮೊದಲಿನ ದನಿ ವಾಪಸ್ ಬರುತ್ತಾ?" ಅಕ್ಕ ಮೆಲ್ಲಗೆ ಕೇಳಿದಳು.

"ದನಿ ಬರುತ್ತೆ. ಮೊದಲಿನದೇ ಅಂತ ಮಾತು ಕೊಡಲಾರೆ."

ಅಕ್ಕ ಪರದೆಯಿಂದ ಡಾಕ್ಟರ ಕಡೆ ತಿರುಗಿದಳು. ಆಮೇಲೆ ಕೇಳಿದ್ದೇನು ಗೊತ್ತೇ? "ಶನಿವಾರ ಕೆಂಪಂಗಿಗಳ ಜೊತೆ ಮ್ಯಾಚ್ ಇದೆ ಡಾಕ್ಟ್ರೇ. ಗೋಲ್ ಆದ್ರೆ ಏನು ಮಾಡ್ಲಿ?"

"ಚಪ್ಪಾಳೆ ಹೊಡೀರಿ."

೪

ಶುಕ್ರವಾರದ ಕಾರ್ಯಕ್ರಮ ರದ್ದು ಮಾಡೋಣ ಅಂದೆ. ಅಕ್ಕ ಕಣ್ಣಲ್ಲೇ ಸುಟ್ಟಳು. ಕೊನೆಗೆ ಒಪ್ಪಂದವಾಯಿತು: ಅವಳು ಬೆರಳಲ್ಲಿ ಸ್ಕೋರು ತೋರಿಸುವುದು, ನಾನು ಹೇಳುವುದು.

ಮೊದಲ ಒಂಬತ್ತು ಪಂದ್ಯ ಚೆನ್ನಾಗಿಯೇ ನಡೆಯಿತು. ಆಕಾಶನೀಲಿಯವರ ಪಂದ್ಯಕ್ಕೆ ನಾಲ್ಕು ಬೆರಳು, ಒಂದು ಸೊನ್ನೆ. ಮೊನ್ನೆ ಕೋಚನ್ನು ಕಿತ್ತು ಹಾಕಿದ ತಂಡಕ್ಕೆ ಹೆಬ್ಬೆರಳು ಕೆಳಗೆ. ನನ್ನ ದನಿಯಲ್ಲಿ ಅದೆಲ್ಲ ಸೊಸೈಟಿಯ ವಾರ್ಷಿಕ ವರದಿಯಂತೆ ಕೇಳುತ್ತಿತ್ತು. ಗಾಜಿನ ಆಚೆ ಕೂತಿದ್ದ ಇಂಜಿನಿಯರ್ ಆಕಳಿಸಿದ. ಹತ್ತನೆಯದಕ್ಕೆ ಬಂದೆವು. "ಪಟ್ಟೆಯವರು, ಕೆಂಪಂಗಿಗಳು. ಕೇಳುಗರೇ, ಇಲ್ಲಿ ವಾಸ್ತವವಾದಿಯಾಗಿ ಹೇಳುವುದಾದರೆ..."

ಅಕ್ಕ ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಕೂಗಲಿಲ್ಲ, ಪಿಸುಗುಟ್ಟಲೂ ಇಲ್ಲ. ಸವೆದ, ಒರಟು ದನಿಯಲ್ಲಿ ಒಂದೊಂದೇ ಪದ ಇಟ್ಟಳು: "ಪಟ್ಟೆಯವರು. ಎರಡು-ಒಂದು. ಗೆಲ್ಲೋ ಗೋಲು ನಮ್ಮ ಲೆಫ್ಟ್ ಬ್ಯಾಕ್‌ದು."

ಇಂಜಿನಿಯರ್ ಆಕಳಿಕೆಯ ಅರ್ಧದಲ್ಲೇ ನಿಂತ. ನಾನು ನಕ್ಕುಬಿಟ್ಟೆ. "ಅಕ್ಕಾ, ಡಿಫೆನ್ಸಲ್ಲಿ ನಿಲ್ಲೋ ಆ ಲೆಫ್ಟ್ ಬ್ಯಾಕು ಎದುರಾಳಿಗಳ ಗೋಲ್‌ಪೋಸ್ಟ್ ನೋಡಿರೋದು ತಂಡದ ಬಸ್ಸಿಳಿಯುವಾಗ ಮಾತ್ರ!"

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಭವಿಷ್ಯ ಆಗಲೇ ಗಾಳಿಗೆ ಸೇರಿತ್ತು.

ಇಳಿಯುವಾಗ ಅಕ್ಕ ಮೆಟ್ಟಿಲ ಮೇಲೆ ನಿಂತಳು. ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರದ ಸದ್ದು. ಅದು ನಿಲ್ಲುವವರೆಗೆ ಕಾದು ಹೇಳಿದಳು: "ಕತ್ತರಿ ಹಾಕೋದಕ್ಕೆ ನಂಗೇನೂ ಭಯ ಇಲ್ಲ ಕಣೋ. ಎಚ್ಚರ ಆದಾಗ ಬೇರೆ ಯಾರದೋ ದನಿ ಬಂದ್ರೆ? ನೀರೊಳಗೆ ಇರೋರಿಗೆ ಅದು ನಾನೇ ಅಂತ ಹೇಗೆ ಗೊತ್ತಾಗುತ್ತೆ?"

"ಬಿಸಿನೀರು ಕುಡೀತೀಯಾ?" ಅಂದೆ ನಾನು. ಕಥೆಗಾರ ಅಂತ ಹೆಸರು ಬೇರೆ.

೫

(ಈ ಭಾಗದಲ್ಲಿ ದನಿ ಎಂದರೇನು, ಮೌನ ಎಂದರೇನು ಎಂದು ಎರಡು ಪುಟ ಕೊರೆದಿದ್ದೆ. ಅಕ್ಕ ಟೈಪ್ ಮಾಡಿದಳು: "ಕಿಕ್-ಆಫ್ ಆಗಿ ಹೋಯ್ತು, ನೀನಿನ್ನೂ ಶೂ ಲೇಸ್ ಕಟ್ತಾ ಇದೀಯ." ತೆಗೆದಿದ್ದೇನೆ.)

೬

ಶನಿವಾರ! ಸಂಜೆಯ ಇಳಿಬಿಸಿಲಿಗೆ ಪರದೆ ಎಳೆದು ಮೂವರೂ ಸೋಫಾದಲ್ಲಿ. ನಡುವೆ ಅಕ್ಕ, ತೊಡೆಯ ಮೇಲೆ ಕೊಳದಿಂದ ತಂದ ಫೋಮಿನ ಈಜು ಹಲಗೆ, ತಡೆಯಲಾಗದಿದ್ದರೆ ಕಚ್ಚುವುದಕ್ಕೆ. ಎಡಕ್ಕೆ ನಾನು. ನಿಯಮ ಅಕ್ಕನದು: ಅವಳು ನನ್ನ ತೋಳು ಚಿವುಟಿದಾಗ ಅವಳ ಬದಲು ನಾನು ಕೂಗಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಮ್ಮೆ ಯಾರು ಅಂತ ಬಿಡಿಸಿ ಹೇಳಬೇಕೇ?

ಬಲಕ್ಕೆ ಭಾವ. "ಏನಾಗುತ್ತೆ ಭಾವ?" ಅಂದೆ.

"ಒಂದು-ಒಂದು," ಅಂದರು. ಅವರು ಎಲ್ಲ ಪಂದ್ಯಕ್ಕೂ ಹೇಳುವುದು ಅದನ್ನೇ. ಯಾರಿಗೂ ನೋವಾಗಬಾರದು, ಅದು ಅವರ ಫುಟ್‌ಬಾಲು.

ಆಟ ಕುದುರುವ ಮೊದಲೇ ಕೆಂಪಂಗಿಗಳು ಗೋಲು ಹೊಡೆದರು. ಅಕ್ಕ ಚಿವುಟಿದಳು. "ಅಯ್ಯೋ!" ಅಂದೆ. ಇನ್ನೂ ಜೋರಾಗಿ ಚಿವುಟಿದಳು. ಇದಲ್ಲ ಅಂತ ಅರ್ಥ. "ಡಿಫೆನ್ಸ್ ನಿದ್ದೆ ಹೊಡೀತಿದೆಯೇನ್ರೋ!" ಅಂದೆ. ತಲೆಯಾಡಿಸಿದಳು, ಅದೇ ಸರಿ. ಅಲ್ಲಿಂದ ನಾನು ಅವಳ ಬೆರಳುಗಳ ಭಾಷೆ ಕಲಿತೆ. ಒಂದು ಚಿವುಟಿಗೆ "ಪಾಸ್ ಕೊಡೋ!", ಎರಡಕ್ಕೆ "ರೆಫ್ರೀ, ಕಣ್ಣಿಲ್ವಾ!", ತಿರುಚಿದರೆ ಬರೆಯಲಾಗದ್ದು.

ಎರಡನೆಯ ಅರ್ಧದಲ್ಲಿ ಪಟ್ಟೆಯವರಿಗೆ ಕಾರ್ನರ್, ಮೈದಾನದ ಮೂಲೆಯಿಂದ ಒದೆತ. ಗುಂಪಿನಲ್ಲಿ ಯಾರದೋ ತಲೆ, ಯಾರದೋ ಮಂಡಿ, ಚೆಂಡು ಒಳಗೆ. ಒಂದು-ಒಂದು! ಅಕ್ಕ ಹಲಗೆಗೆ ಹಲ್ಲು ನೆಟ್ಟಳು. ನಾನು ಕಿರುಚಿದ ರಭಸಕ್ಕೆ ಮೇಲಿನ ಮನೆಯವರು ನೆಲ ಕುಟ್ಟಿದರು. ಆನೆಯ ಕಿವಿಯಲ್ಲಿ ಇರುವೆ! ಕೆಂಪಂಗಿಗಳು ಅಲೆಯಲೆಯಾಗಿ ಬಂದರು. ಒಂದು ಹೊಡೆತ ಕಂಬಕ್ಕೆ, ಒಂದನ್ನು ಗೋಲ್‌ಕೀಪರ್ ಬೆರಳ ತುದಿಯಲ್ಲಿ ತಳ್ಳಿದ. ಕೂಗಿ ಕೂಗಿ ನನ್ನ ಗಂಟಲು ಮರಳುಕಾಗದದಂತಾಯಿತು.

ಆಟ ಇನ್ನೇನು ಮುಗಿಯಿತು ಅನ್ನುವಾಗ ಪಟ್ಟೆಯವರಿಗೆ ಮತ್ತೊಂದು ಕಾರ್ನರ್. ಕೆಂಪಂಗಿಯವನೊಬ್ಬ ತಲೆಯಿಂದ ಹೊರಗೆ ತಳ್ಳಿದ. ಚೆಂಡು ಪುಟಿಯುತ್ತ ಪುಟಿಯುತ್ತ ಖಾಲಿ ಜಾಗಕ್ಕೆ ಬಂತು. ಅಲ್ಲಿ ಓಡಿ ಬರುತ್ತಿದ್ದವನು ಯಾರು?

ಲೆಫ್ಟ್ ಬ್ಯಾಕ್.

೭

ಇಲ್ಲಿ ನಿಲ್ಲಿಸಿ ನಿಮಗೆ ಆಯ್ಕೆ ಕೊಡುವುದು ನಮ್ಮಂಥವರ ರೂಢಿ.

(ಅ) ಚೆಂಡು ಬಲೆಗೆ. ಅಕ್ಕ ಎಲ್ಲ ಮರೆತು ಕೂಗುತ್ತಾಳೆ. ಗಂಟಲಿನಿಂದ ರಕ್ತ. ದುರಂತ ಕಥೆ, ಪ್ರಶಸ್ತಿಗೆ ಕಳಿಸಬಹುದು.

(ಆ) ಚೆಂಡು ಆಕಾಶಕ್ಕೆ. ಅಕ್ಕ ಮುಗುಳ್ನಗುತ್ತಾಳೆ. ಬದುಕು ಸಾಗುತ್ತದೆ. ಪಠ್ಯಪುಸ್ತಕಕ್ಕೆ ಕಳಿಸಬಹುದು.

(ಅಕ್ಕ ಈಗಷ್ಟೇ ಇದನ್ನು ಓದಿ ಟೈಪ್ ಮಾಡಿದ್ದು: "ನಂಗೆ ರಕ್ತ ಬರಿಸೋಕೆ ನಾಚಿಕೆ ಆಗಲ್ವಾ? ಆಗಿದ್ದನ್ನ ಬರಿ."

"ಆಗಿದ್ದನ್ನ ಬರೆದ್ರೆ ನಂಬಲ್ಲಕ್ಕಾ."

"ನಂಬದಿದ್ರೆ ಅವರ ಕರ್ಮ. ಬರಿ.")

ಸರಿ. ಆಗಿದ್ದು ಇದು.

ಅವನು ಎಡಗಾಲಲ್ಲಿ ಬೀಸಿದ. ಚೆಂಡು ಕಾಲುಗಳ ಕಾಡಿನೊಳಗೆ ನುಗ್ಗಿ, ಯಾರಿಗೂ ತಾಗದೆ, ಬಲೆಯ ಮೂಲೆಗೆ ಬಿತ್ತು. ಅಕ್ಕ ನನ್ನ ತೋಳು ಹಿಂಡಿದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ, ಗಂಟಲು ಕಟ್ಟಿ ಬರೀ ಕೆಮ್ಮು. ಪಕ್ಕಕ್ಕೆ ನೋಡಿದರೆ ಅಕ್ಕನ ಎದೆ ಉಬ್ಬಿತ್ತು, ಕುತ್ತಿಗೆಯ ನರ ಎದ್ದಿತ್ತು, ಹಲಗೆ ಕೆಳಗೆ ಬಿದ್ದಿತ್ತು. ಕೊಳದ ಆಚೆ ದಡದವರನ್ನು ಕರೆಯುವ ಮುಂಚಿನ ಉಸಿರು ಅದು, ನನಗೆ ಗೊತ್ತು. ಮುಗಿಯಿತು ಅಂದುಕೊಂಡೆ.

"ಗೋ...ಲ್!"

ಗೋಡೆ ನಡುಗಿತು. ಅಕ್ಕ ಬಾಯಿ ತೆರೆದುಕೊಂಡೇ ಇದ್ದಳು, ಆದರೆ ದನಿ ಅವಳದಲ್ಲ.

ಭಾವ ನಿಂತಿದ್ದರು. ಸೋಫಾದ ಮೇಲೆ! ಎರಡೂ ಮುಷ್ಟಿ ಛಾವಣಿಗೆ. "ಗೋಲ್! ಗೋಲ್ ಕಣೇ! ನಿನ್ನ ಲೆಫ್ಟ್ ಬ್ಯಾಕ್ ಕಣೇ!" ಅಷ್ಟು ವರ್ಷ ಆ ದನಿಯನ್ನು ಯಾವ ಲಿಫ್ಟಿನ ಗುಂಡಿಯಲ್ಲಿ ಬಚ್ಚಿಟ್ಟಿದ್ದರೋ. ಅಕ್ಕ ಯಾರೋ ಹೊಸಬರನ್ನು ನೋಡುವಂತೆ ಗಂಡನನ್ನು ನೋಡಿದಳು. ತುಂಬಿಕೊಂಡ ಉಸಿರು ಕೂಗಾಗದೆ ನಗುವಾಯಿತು, ಸದ್ದಿಲ್ಲದ ನಗು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಭಾವನ ಪ್ಯಾಂಟಿನ ಮಂಡಿಯನ್ನು ಹಿಡಿದುಕೊಂಡಿತ್ತು.

ಆಗ ಟೀವಿಯಲ್ಲಿ ಬಂತು: ವೀಡಿಯೋ ಪರಿಶೀಲನೆ.

ಕಾದೆವು. ರೆಫ್ರೀ ಮೈದಾನದಂಚಿನ ಪರದೆ ನೋಡಿದ. ಮತ್ತೆ ನೋಡಿದ. ಪಟ್ಟೆಯವರಲ್ಲೊಬ್ಬ ಆಫ್‌ಸೈಡಿನಲ್ಲಿ, ಅಂದರೆ ಕೆಂಪಂಗಿಗಳ ಡಿಫೆನ್ಸ್ ದಾಟಿದ ಜಾಗದಲ್ಲಿ, ನಿಂತು ಗೋಲ್‌ಕೀಪರನ ಕಣ್ಣಿಗೆ ಅಡ್ಡವಾಗಿದ್ದನಂತೆ. ಗೋಲು ರದ್ದು. ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ. ಒಂದು-ಒಂದು.

"ಭಾವ, ನಿಮ್ಮ ಭವಿಷ್ಯ ಸರಿಯಾಯ್ತು," ಅಂದೆ ಒಡೆದ ದನಿಯಲ್ಲಿ.

"ಸುಟ್ಟುಹೋಗ್ಲಿ ನನ್ನ ಭವಿಷ್ಯ!" ಭಾವ ಟೀವಿಗೆ ಬೆರಳು ತೋರಿಸಿ ಗುಡುಗಿದರು. "ಅವನು ಎಲ್ಲಿ ಅಡ್ಡ ನಿಂತಿದ್ದ? ಕೀಪರಿಗೆ ಚೆಂಡು ಕಾಣ್ತಿತ್ತು! ಏಯ್, ಕಾಣ್ತಿತ್ತು ಅಂತೀನಿ!"

ಅಕ್ಕ ಅವರ ಕೈ ಹಿಡಿದು ಕೂರಿಸಿದಳು. ಸಮಾಧಾನ ಅಂತ ಬೆನ್ನು ಸವರಿದಳು. ನೀರು ಕುಡಿಸಿದಳು.

೮

ಸೋಮವಾರ ಆಪರೇಷನ್ ಆಯಿತು. ಗಂಟು ಪೂರ್ತಿ ಬಂತು, ರಕ್ತ ಗಿಕ್ತ ಏನಿಲ್ಲ. ಆಮೇಲಿನದು ಕಡ್ಡಾಯ ಮೌನ. ಆ ಮೌನದಲ್ಲೇ ನಾನು ಇದನ್ನು ಬರೆದೆ, ಅವಳು ಫೋನಿನಲ್ಲಿ ಹೊಡೆದು ಹಾಕಿದಳು. ಮನೆಯಲ್ಲಿ ಈಗ ಮಾತಾಡುವವರು ಭಾವ. ಬೆಳಿಗ್ಗೆ ಎದ್ದರೆ ಆಫ್‌ಸೈಡ್ ನಿಯಮದ ಮೇಲೆ ಭಾಷಣ. ನಿಲ್ಲಿಸುವ ಶಕ್ತಿಯಿರುವ ಒಬ್ಬಳೇ ಒಬ್ಬಳಿಗೆ ಬಾಯಿಲ್ಲ.

ಮತ್ತೆ ಶುಕ್ರವಾರ ಬಂದಿದೆ. ಈ ಸಾಲುಗಳನ್ನು ಡಾಕ್ಟರ ಕೋಣೆಯಲ್ಲಿ ಕೂತೇ ಬರೆಯುತ್ತಿದ್ದೇನೆ. ಕ್ಯಾಮೆರಾ ಇಳಿದು ಮೇಲೆ ಬಂತು. "ಗಾಯ ಚೆನ್ನಾಗಿ ವಾಸಿಯಾಗಿದೆ," ಅಂದರು ಡಾಕ್ಟರು. "ಇವತ್ತು ಮಾತಾಡಬಹುದು. ಒಂದೇ ಪದ, ಮೆಲ್ಲಗೆ. ಹೇಳಿ, ನಾಳೆ ನಿಮ್ಮ ಪಟ್ಟೆಯವರ ಗತಿ ಏನು?"

ನಾಳೆ ಆಕಾಶನೀಲಿಯವರ ಮೈದಾನದಲ್ಲಿ ಆಟ. ಲೆಫ್ಟ್ ಬ್ಯಾಕಿಗೆ ತೊಡೆ ಹಿಡಿದುಕೊಂಡಿದೆಯಂತೆ. ಸೋತರೆ ಪಟ್ಟಿಯಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ.

ಮೂರು ಅಂತ್ಯ ಬರೆದಿಟ್ಟಿದ್ದೇನೆ: ಗೆಲುವು, ಸೋಲು, ಡ್ರಾ. ಹಳೆಯ ದನಿಯಲ್ಲೋ, ತೆಳು ದನಿಯಲ್ಲೋ, ನಾವ್ಯಾರೂ ಕೇಳದ ದನಿಯಲ್ಲೋ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಅನ್ನೋಣ ಅಂತಿದ್ದೆ. ಅಕ್ಕ ಬಗ್ಗಿ ಓದಿದಳು. ಡಾಕ್ಟರ ಪೆನ್ನು ತೆಗೆದುಕೊಂಡು ಮೂರರ ಮೇಲೂ ಗೀಟು ಎಳೆದಳು.

ಭಾವ ಕುರ್ಚಿಯ ತುದಿಗೆ ಬಂದಿದ್ದಾರೆ. ಆಫ್‌ಸೈಡ್ ಭಾಷಣ ಅರ್ಧಕ್ಕೇ ನಿಂತಿದೆ. ಅಕ್ಕ ತುಟಿ ಒದ್ದೆ ಮಾಡಿಕೊಂಡಳು, ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು.

ಬರೆಯುತ್ತ ಕೂತರೆ ಸರಿಯಾಗಿ ಕೇಳುವುದಿಲ್ಲ. ನೀವೂ ಸ್ವಲ್ಪ ಸುಮ್ಮನಿರಿ.